ಪಾವಟಿಗೆ ಇದ್ದ ಸಮುದ್ರ

ಅಲೆ ಬಂದು ವಾಪಸು ಹೋದ ಮೇಲೆ ಉಸುಕು ಒಣಗುತ್ತದೋ, ಹಸಿಯಾಗಿಯೇ ಉಳಿಯುತ್ತದೋ, ನನಗೆ ಗೊತ್ತಿಲ್ಲ. ಯಾರನ್ನಾದರೂ ಕೇಳೋಣವೆಂದರೆ, ಈ ಮನೆಯಲ್ಲಿ ಅದನ್ನು ಬಲ್ಲವಳು ನಾನೊಬ್ಬಳೇ ಎಂದು ಎಲ್ಲರೂ ನಂಬಿದ್ದಾರೆ.

ಇಷ್ಟು ಬರೆದು ನೀಲಾಂಬಿಕಾ ಡೈರಿ ಮುಚ್ಚಿದಳು. ಮನಸ್ಸು ತಡೆಯದೆ ಮತ್ತೆ ತೆರೆದು, ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿದಳು: ನಾನು ಸಮುದ್ರ ನೋಡಿಯೇ ಇಲ್ಲ. ತಾನೇ ಬರೆದದ್ದನ್ನು ಓದಿ ತಾನೇ ಗಾಬರಿಯಾಗಿ, ಪುಟದ ಮೂಲೆಯನ್ನು ಒಳಕ್ಕೆ ಮಡಚಿ, ಡೈರಿಯನ್ನು ಟ್ರಂಕಿನೊಳಗೆ ಹಳೆಯ ಸೀರೆಗಳ ಅಡಿಗೆ ತಳ್ಳಿದಳು.

ಎರಡು ವರ್ಷದ ಹಿಂದೆ, ಬಿ.ಎ. ಕೊನೆಯ ವರ್ಷದಲ್ಲಿ, ಕಾಲೇಜಿನ ಪ್ರವಾಸ ಗೋಕರ್ಣಕ್ಕೆ ಹೋಗಿತ್ತು. ಬಸ್ಸು ಸಮುದ್ರದ ಹತ್ತಿರ ನಿಂತಾಗ ಸಂಜೆ ಐದೂವರೆ. ಚಪ್ಪಲಿ ಕೈಯಲ್ಲಿ ಹಿಡಿದು ಎಲ್ಲರೂ ಇಳಿಯಲು ಅವಸರ ಮಾಡುತ್ತಿದ್ದಾಗ ಮೇಡಮ್ಮು, "ಬ್ಯಾಗ್ ನೋಡ್ಕೊಳ್ಳಾಕ ಯಾರರ ಒಬ್ರು ಇರ್ರಿ" ಎಂದರು. ಹುಡುಗಿಯರೆಲ್ಲ ಕಿಟಕಿಯ ಆಚೆ ನೋಡಿದರು. ನೀಲಾಂಬಿಕಾ ಮಾತ್ರ ಮೇಡಮ್ಮರ ಮುಖ ನೋಡಿದಳು, ತಪ್ಪಾದದ್ದು ಅಲ್ಲಿಯೇ. ಬೇಡ ಅನ್ನುವುದು ಅವಳಿಗೆ ಹುಟ್ಟಿನಿಂದಲೇ ಬಾರದ ಮಾತು. ಹೀಗಾಗಿ ಒಂದು ತಾಸು ಅವಳು ನಲವತ್ತೆರಡು ಬ್ಯಾಗುಗಳ ನಡುವೆ ಕೂತಳು. ಕಿಟಕಿಯ ಎದುರಿಗೆ ಒಂದು ಹೋಟೆಲಿನ ಹಿಂದಿನ ಗೋಡೆ, ಆ ಗೋಡೆಯ ಮೇಲೆ ಒಣಹಾಕಿದ ನಾಲ್ಕು ಟವೆಲು. ಗೋಡೆಯಾಚೆ ಸಮುದ್ರ. ಗೆಳತಿಯರು ಬರುವಷ್ಟರಲ್ಲಿ ಕತ್ತಲಾಯಿತು. ಮರುದಿನ ಬಸ್ಸು ಬೇರೆ ದಾರಿ ಹಿಡಿಯಿತು.

ಸವಣೂರಿಗೆ ಬಂದಿಳಿದಾಗ ಅಕ್ಕ ಅಂಕಿತಾ ಬಾಗಿಲಲ್ಲೇ ಕಾದಿದ್ದಳು. ಅವಳಿಗಿನ್ನೂ ಮದುವೆಯಾಗಿರಲಿಲ್ಲ. "ಹೆಂಗಿತ್ತ ಸಮುದ್ರ?" ಎಂದು ಕೇಳಿದಳು. "ಚಲೋ ಇತ್ತು" ಎಂದಳು ನೀಲಾಂಬಿಕಾ. ಅಲ್ಲಿಗೆ ನಿಂತಿದ್ದರೆ ಅದೊಂದು ದೊಡ್ಡ ಸುಳ್ಳೇನಲ್ಲ. ಆದರೆ ಅಂಕಿತಾ ಬಿಡಲಿಲ್ಲ, ಹತ್ತು ಪ್ರಶ್ನೆ ಕೇಳಿದಳು. ಅವ್ವ ಒಲೆ ಬಿಟ್ಟು ಬಂದು ಕೂತಳು. ಅಪ್ಪ ಟಿವಿ ಸಪ್ಪಳ ಕಡಿಮೆ ಮಾಡಿದ. ಅಜ್ಜಿ ಕಿವಿಯ ಮೇಲಿನ ಸೆರಗು ಸರಿಸಿದಳು. ಮನೆಯಲ್ಲಿ ಎರಡನೆಯ ಮಾತು ಆಡಿ ಗೊತ್ತಿಲ್ಲದ ಹುಡುಗಿ ಅವಳು; ಆ ದಿನ ಮೊದಲ ಬಾರಿಗೆ ಇಡೀ ಮನೆ ಅವಳ ಬಾಯಿಯನ್ನೇ ನೋಡುತ್ತಿತ್ತು. ಬಸ್ಸಿನಲ್ಲಿ ಗೆಳತಿಯರು ಹೇಳಿಕೊಂಡು ನಕ್ಕಿದ್ದನ್ನೆಲ್ಲ ತನ್ನದೆಂಬಂತೆ ಹೇಳಿದಳು. ಕಾಲಡಿಯ ಉಸುಕು ತಾನೇ ಜಾರಿಹೋಗುತ್ತದೆ, ಯಾರೋ ಕಚಗುಳಿ ಇಟ್ಟ ಹಾಗೆ ಆಗುತ್ತದೆ. ಅವರು ಹೇಳದೆ ಉಳಿದದ್ದನ್ನು ತನಗೆ ಗೊತ್ತಿದ್ದ ನೀರಿನಿಂದ ತುಂಬಿಸಿದಳು. ಅವಳು ಅಲ್ಲಿಯವರೆಗೆ ಕಂಡ ನೀರಿಗೆಲ್ಲ ಇಳಿಯಲು ಕಲ್ಲಿನ ಪಾವಟಿಗೆ ಇತ್ತು: ಊರ ಹೊಂಡಕ್ಕೆ, ತೋಟದ ಬಾವಿಗೆ, ಹೊಳೆಯ ಗುಡಿಯ ಮುಂದೆ. ಆದ್ದರಿಂದ, "ಹನ್ನೊಂದು ಪಾವಟಿಗಿ ಇಳದು ನೀರಿಗೆ ಹೋದ್ವಿ" ಎಂದಳು. ಹತ್ತು ಎಂದಿದ್ದರೆ ಯಾರಾದರೂ ಮರೆಯುತ್ತಿದ್ದರೋ ಏನೋ.

ಈಗ ಅಂಕಿತಾ ಏಳು ತಿಂಗಳ ಬಸುರಿ. ಚಿಕ್ಕೇರೂರಿನ ಗಂಡನ ಮನೆಯಿಂದ ಸೀಮಂತದ ಕುಬಸಕ್ಕೆಂದು ತವರಿಗೆ ಬಂದಿದ್ದಳು. ಕುಬಸಕ್ಕೆ ಮೊದಲು ಬಸುರಿಯನ್ನು ಅವಳು ಬಯಸಿದ ಕಡೆ ಕರೆದೊಯ್ದು, ಬುತ್ತಿ ಬಿಚ್ಚಿ, ಬಯಕೆಯ ಊಟ ಮಾಡಿಸುವುದು ಆ ಮನೆಯ ಪದ್ಧತಿ. ಅಪ್ಪನ ತಾಯಿ ಭರಮವ್ವಜ್ಜಿ ಮೊಮ್ಮಗಳ ತಲೆ ಬಾಚುತ್ತ ಕೇಳಿದಳು:

"ಎಲ್ಲಿ ಕುಂತು ಉಣಬೇಕು ಅನಸತೈತಿ ಹೇಳವಾ. ಎಲಿ ತೋಟಕ್ಕ ಹೋಗೂನೋ, ಹೊಳಿ ದಂಡಿಗೋ?"

"ಸಮುದ್ರದ ದಂಡಿಗೆ" ಎಂದಳು ಅಂಕಿತಾ.

ರೊಟ್ಟಿ ಬಡಿಯುತ್ತಿದ್ದ ತಾಯಿ ಸರೋಜವ್ವನ ಕೈ ನಿಂತಿತು. "ಸಮುದ್ರ ಏನ ಬಂಕಾಪುರದ ಆಚಿಗೆ ಐತೇನ? ಡಾಕ್ಟರ್ ಏನಂದಾರ? ಬಿಪಿ ಏರೈತಿ, ಬಸ್ ಬ್ಯಾಡ, ಕಾರ್ ಬ್ಯಾಡ, ಮನಿ ಬಿಟ್ಟು ಎಲ್ಲೂ ಹೋಗಬ್ಯಾಡ."

"ಅಜ್ಜಿ ಕೇಳಿದ್ಲು, ನಾ ಹೇಳಿದೆ. ನೀಲಿ ಹೇಳಿದಾಗಿಂದ ಅದ ತಲ್ಯಾಗ ಕುಂತೈತಿ, ನಾ ಏನ್ ಮಾಡ್ಲಿ."

"ಫೋನಿನಾಗ ನೋಡು."

"ಫೋನಿನಾಗ ಊಟಾ ನೋಡಿದ್ರ ಹೊಟ್ಟಿ ತುಂಬತೈತೇನವಾ?"

ಅಪ್ಪ ಫಕ್ಕೀರಪ್ಪ ಮೂಲೆಯಲ್ಲಿ ಕೂತು ಎಲೆ ಹಾಕಿಕೊಳ್ಳುತ್ತಿದ್ದ. ಊರಲ್ಲಿ ಅವನದು ಚುರಮುರಿ ಭಟ್ಟಿ. ದೊಡ್ಡ ಬಾಣಲೆಯಲ್ಲಿ ಉಸುಕು ಕಾಸಿ, ಅದರಲ್ಲಿ ಅಕ್ಕಿ ಹಾಕಿ ಅರಳಿಸುವ ಕೆಲಸ. ಸುಣ್ಣದ ಬೆರಳನ್ನು ಗೋಡೆಗೆ ಒರೆಸಿ ಅವನು ನಿಧಾನಕ್ಕೆ ಅಂದ:

"ಹೋಗಾಕ ಆಗಲಿಲ್ಲಂದ್ರ ಇಲ್ಲೇ ತರೂನು. ಸಮುದ್ರಂದ್ರ ಏನ ಮತ್ತ? ಉಸುಕು, ನೀರು. ಉಸುಕು ನನ್ನ ಕಡೆ ಐತಿ. ನೀರು ನಳದಾಗ ಬರತೈತಿ."

"ನಳ ಎಂಟ ದಿನಕ್ಕೊಮ್ಮೆ ಬರತೈತಿ" ಎಂದಳು ಸರೋಜವ್ವ.

"ಹಂಗಾರ ಎಂಟ ದಿನಕ್ಕೊಮ್ಮೆ ಅಲಿ ಬರತಾವ."

ಅಂಕಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಿತ್ತಲಲ್ಲಿ ಸಮುದ್ರ ಮಾಡುವುದು ಆ ನಗುವಿನಲ್ಲೇ ನಿಶ್ಚಯವಾಗಿಹೋಯಿತು. ಆದರೆ ಅಜ್ಜಿ ಹಣಿಗೆಯನ್ನು ಮೇಲೆತ್ತಿ ಒಂದು ಮಾತು ಹೇಳಿದಳು.

"ಮಾಡ್ರಿ, ಬ್ಯಾಡನ್ನಂಗಿಲ್ಲ. ಬಸರಿಗೆ ಸುಳ್ಳ ಹೇಳಿ ತುತ್ತು ಇಡಬಾರದು, ಅದೊಂದ ನೆನಪಿರಲಿ. ನಮ್ಮತ್ತಿ ನನಗ ಎಲಿ ತೋಟದ ಬುತ್ತಿ ಅಂತ ಹೇಳಿ, ಮನಿ ಹಿಂದ ನುಗ್ಗಿ ಗಿಡದ ಬುಡಕ್ಕ ಕುಂದರಿಸಿ ಉಣಿಸಿದ್ಲು. ಇಂವಾ ಹುಟ್ಟಿದಾಗಿಂದ ನುಗ್ಗಿಕಾಯಿ ಮುಟ್ಟಂಗಿಲ್ಲ, ನೋಡ್ರಿ ಬೇಕಾರ."

ಫಕ್ಕೀರಪ್ಪ ಐವತ್ತೆರಡು ವರ್ಷದಿಂದ ನುಗ್ಗೆಕಾಯಿ ಮುಟ್ಟದವನು. ಅವನು ಒಪ್ಪಿ ತಲೆಯಾಡಿಸಿದ.

"ಇದು ಮನ್ಯಾಗ ಮಾಡಿದ ಸಮುದ್ರ ಅಂತ ಹೇಳೇ ಮಾಡೂನು" ಎಂದಳು ಅಜ್ಜಿ. "ಆದ್ರ ನೀಲವ್ವ ಹೆಂಗ ನೋಡ್ಯಾಳೋ ಹಂಗ ಇರಲಿ. ಅಕಿ ಕಣ್ಣಿಲೆ ನೋಡಿದ್ದು ಖರೇ ಅಲ್ಲ? ಅಷ್ಟ ಸಾಕು."

ನಾಲ್ಕು ಜೋಡಿ ಕಣ್ಣು ನೀಲಾಂಬಿಕಾಳ ಕಡೆ ತಿರುಗಿದವು. ಅವಳು ಹ್ಞೂಂ ಅಂದಳು. ಮರುದಿನ ಬೆಳಿಗ್ಗೆ ಡೈರಿಯಲ್ಲಿ ಸಮುದ್ರ ನೋಡಿಯೇ ಇಲ್ಲ ಎಂಬ ಆ ಸಾಲು ಬಿದ್ದದ್ದು ಹೀಗೆ.

ಮುಂದಿನ ಐದು ದಿನ ಅವಳ ಡೈರಿಯ ಹಿಂಬದಿಯ ಪುಟಗಳೆಲ್ಲ ನಕ್ಷೆಯಾದವು. ಹಿತ್ತಲು ಉದ್ದಕ್ಕೆ ಇಪ್ಪತ್ತು ಹೆಜ್ಜೆ, ಅಗಲಕ್ಕೆ ಹದಿನಾಲ್ಕು. ಒಂದು ತೆಂಗಿನ ಗಿಡ, ಅದು ದೇವರ ದಯೆ. ಬಟ್ಟೆ ಒಗೆಯುವ ಕಲ್ಲು, ಕುಳ್ಳಿನ ಒಟ್ಟಿಲು, ಒಂದು ಆಡು, ಬಚ್ಚಲ ನೀರಿನ ಮೋರಿ. ಸೂರ್ಯ ಮುಳುಗುವ ಕಡೆ ನೀರಿರಬೇಕು, ಆದ್ದರಿಂದ ಪಡುವಣ ಗೋಡೆಯ ಬುಡಕ್ಕೆ ಮೊಣಕಾಲು ಆಳದ ತಗ್ಗು. ಅಲ್ಲಿಂದ ಮನೆಯ ಕಡೆಗೆ ಉಸುಕು ಸಾವಕಾಶ ಏರಬೇಕು. ಕುಳ್ಳಿಗೆ ಅಟ್ಟದ ಮೇಲೆ ಜಾಗ, ಆಡಿಗೆ ಮುಂಬಾಗಿಲು. ಫೋನಿನಲ್ಲಿ ನೂರು ವಿಡಿಯೋ ನೋಡಿದಳು. ಅವುಗಳಲ್ಲಿ ಸಮುದ್ರಕ್ಕಿಂತ ಸಮುದ್ರಕ್ಕೆ ಬೆನ್ನು ತಿರುಗಿಸಿ ಕುಣಿಯುವವರೇ ಹೆಚ್ಚು. ಆದರೂ ಒಂದು ಗೊತ್ತಾಯಿತು, ಯಾವ ಸಮುದ್ರಕ್ಕೂ ಪಾವಟಿಗೆ ಇರಲಿಲ್ಲ.

"ಅಪ್ಪಾ, ಪಾವಟಿಗಿ ಬ್ಯಾಡ ಬಿಡು" ಎಂದಳು ಮೆಲ್ಲಗೆ.

"ಯಾಕ? ನೀನ ಹೇಳಿದ್ದಿಯಲ್ಲ ಹನ್ನೊಂದು ಅಂತ. ಹನ್ನೊಂದಕ್ಕ ಜಾಗಾ ಇಲ್ಲ, ಮೂರು ಹಾಕತೇನಿ." ಫಕ್ಕೀರಪ್ಪ ಆಗಲೇ ಒಗೆಯುವ ಕಲ್ಲನ್ನು ಉರುಳಿಸಿಕೊಂಡು ಬರುತ್ತಿದ್ದ.

ಉಸುಕಿನ ವಿಷಯದಲ್ಲಂತೂ ಅವನು ಯಾರ ಮಾತನ್ನೂ ಕೇಳುವವನಲ್ಲ. ಭಟ್ಟಿಯಲ್ಲಿ ಕಾದು ಕಾದು ಕಪ್ಪಾದ ಉಸುಕನ್ನು ವರ್ಷಕ್ಕೆರಡು ಸಲ ತೆಗೆದು ಹಾಕುತ್ತಾರೆ. ಹಾಗೆ ತೆಗೆದದ್ದು ಭಟ್ಟಿಯ ಹಿಂದೆ ಗುಡ್ಡವಾಗಿ ಬಿದ್ದಿತ್ತು. ಅದನ್ನು ಚಕ್ಕಡಿಯಲ್ಲಿ ತರಿಸಿ, ಚುರಮುರಿಯ ಜರಡಿಯಲ್ಲಿ ಸೋಸಿ, ಮೂರು ನೀರಿನಲ್ಲಿ ತೊಳೆದು, ಬಿಸಿಲಿಗೆ ಹರವಿದ. ಕಪ್ಪು ಹೋಗಿ ಬೂದಿ ಬಣ್ಣ ಉಳಿಯಿತು. ಬಂಗಾರದ ಬಣ್ಣ ಎಂದು ನೀಲಾಂಬಿಕಾ ಹೇಳಿದ್ದಳಲ್ಲ, ಅದಕ್ಕೆ ಅಜ್ಜಿ ಸುಮ್ಮನಿರದೆ ಒಂದು ಮುಷ್ಟಿ ಅರಿಷಿಣ ತಂದು ಎರಚಿದಳು. ಒಂದು ಮೂಲೆ ಅರಿಷಿಣ ಹಚ್ಚಿದ ಮದುಮಗಳ ಕೆನ್ನೆಯಂತಾಯಿತು. ಎಷ್ಟು ತೊಳೆದರೂ ಉಸುಕಿನ ವಾಸನೆ ಹೋಗಲಿಲ್ಲ. ಬಿಸಿಲು ಏರಿದ ಹಾಗೆ ಹಿತ್ತಲೆಲ್ಲ ಹುರಿದ ಚುರಮುರಿಯ ಘಮ. ಗುಬ್ಬಿಗಳು ಹಿಂಡು ಹಿಂಡಾಗಿ ಬಂದು, ಕೆದರಿ, ಏನೂ ಸಿಗದೆ ಬೈದುಕೊಳ್ಳುತ್ತ ಹೋದವು.

ತಗ್ಗಿಗೆ ನೀಲಿ ತಾಡಪತ್ರಿ ಹಾಸಿದರು. ಮಲಗಲು ಹೊರಸು, ಮೇಲೆ ಸಂತೆಯ ದೊಡ್ಡ ಛತ್ರಿ. ಚಿಪ್ಪುಗಳ ಬದಲಿಗೆ ಅಜ್ಜಿ ತನ್ನ ಚೌಕಾಬಾರದ ಆರು ಕವಡೆಗಳನ್ನು ಕೊಟ್ಟಳು. "ಆರ ಅದಾವ. ಸಮುದ್ರ ಮುಗದ ಮ್ಯಾಲೆ ಆರೂ ವಾಪಸ್ ಬರಬೇಕು" ಎಂದು ಹೇಳಿಯೇ ಕೊಟ್ಟಳು.

ನಾಲ್ಕನೆಯ ದಿನ ಗೋಡೆಯ ಆಚೆಯಿಂದ ಶಾಹಬಾಜನ ತಲೆ ಕಂಡಿತು. ಅವನದು ಬೆನ್ನು ಬೆನ್ನಿನ ಮನೆ. ಫಕ್ಕೀರಪ್ಪನ ಚುರಮುರಿ ಚೀಲಗಳನ್ನು ಲಾರಿಯಲ್ಲಿ ಹೇರಿಕೊಂಡು ಕಾರವಾರದವರೆಗೆ ಹೋಗಿ ಬರುವವನು. ಆ ಓಣಿಯಲ್ಲಿ ನಿಜವಾಗಿ ಸಮುದ್ರ ಕಂಡವನು ಅವನೊಬ್ಬನೇ. ಇದು ನೀಲಾಂಬಿಕಾಳ ಲೆಕ್ಕದಲ್ಲಿ ಇರಲೇ ಇಲ್ಲ.

"ಕಾಕಾ, ಏನ ನಡಸೀರಿ ಇದು, ಎಮ್ಮಿ ಮೈ ತೊಳಿಯಾಕೇನು?"

"ಸಮುದ್ರ ಕಾಣಂಗಿಲ್ಲೇನೋ ನಿನಗ?"

ಶಾಹಬಾಜ ಗೋಡೆಯ ಮೇಲೆ ಮೊಣಕೈ ಊರಿ ನಿಧಾನವಾಗಿ ನೋಡಿದ. ತಾಡಪತ್ರಿ ನೋಡಿದ, ತೆಂಗು ನೋಡಿದ, ಅರಿಷಿಣದ ಮೂಲೆ ನೋಡಿದ. ಪಾವಟಿಗೆಯ ಮೇಲೆ ಅವನ ಕಣ್ಣು ನಿಂತಿತು. ನೀಲಾಂಬಿಕಾ ಕೈಯಲ್ಲಿದ್ದ ಕವಡೆಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಪಾವಟಿಗಿ?" ಎಂದ. "ಕಾರವಾರದಾಗ ನಾ ಎಲ್ಲೂ ನೋಡಿಲ್ಲಲ್ಲರಿ ಕಾಕಾ."

"ನೀ ನೋಡೂದು ಲಾರಿ ನಿಲ್ಲಸೂ ಕಡೆ ದಂಡಿ. ನಮ್ಮ ಹುಡುಗಿ ನೋಡಿದ್ದು ಖರೇ ದಂಡಿ. ಹನ್ನೊಂದ ಎಣಿಸ್ಯಾಳ."

ಶಾಹಬಾಜ ಅವಳ ಕಡೆ ನೋಡಿದ. ಅವಳ ಮುಖದಲ್ಲಿ ಏನು ಕಂಡಿತೋ, ಟೋಪಿ ಸರಿಮಾಡಿಕೊಂಡು, "ಇರಬೇಕು ಬಿಡ್ರಿ" ಎಂದ. "ಸಮುದ್ರ ಅಂದ್ರ ಎಷ್ಟ ದೊಡ್ಡದು. ಎಲ್ಲೋ ಒಂದ ಕಡೆ ಪಾವಟಿಗಿ ಇದ್ದ ಇರತಾವ." ಆಮೇಲೆ, "ಮೀನಿನ ವಾಸನಿ ಒಂದ ಕಡಿಮಿ ಐತಿ" ಎಂದು ಸೇರಿಸಿದ.

"ಅದೊಂದ ಅಲ್ಲೇ ಇರಲೆಪಾ" ಎಂದಳು ಅಜ್ಜಿ ಒಳಗಿನಿಂದ. "ಚುರಮುರಿ ವಾಸನಿಗೆ ಏನ ಧಾಡಿ ಆಗೇತಿ?"

ಆ ದಿನ ಡೈರಿಯಲ್ಲಿ: ನಾಳೆ ಅಕ್ಕನಿಗೆ ಹೇಳಿಬಿಡುತ್ತೇನೆ. ಮರುದಿನ ಹೇಳಲೆಂದೇ ಹೋದಳು. ಹಿತ್ತಲಿಗೆ ಬರಬಾರದೆಂದು ಅಂಕಿತಾಳನ್ನು ಪಡಸಾಲೆಯಲ್ಲೇ ಕಟ್ಟಿಹಾಕಿದ್ದರು. ಅವಳು ಹಸಿರು ಬಳೆಗಳನ್ನು ಸರಿಸುತ್ತ ಕೂತಿದ್ದಳು.

"ನೀಲಿ, ಬಾ ಇಲ್ಲಿ. ಕೂಸಿಗೂ ಹೇಳೇನಿ, ನಿಮ್ಮ ಮಾವಶಿ ಸಮುದ್ರ ಮಾಡಾಕತ್ತಾಳ ಅಂತ. ಒದೀತು ನೋಡು, ಇಲ್ಲಿ. ಚಿಕ್ಕೇರೂರಾಗ ಬ್ಯಾಸರ ಆದಾಗೆಲ್ಲ ನೀ ಹೇಳಿದ್ದ ನೆನಸ್ಕೊಂತಿದ್ದೆ. ಹನ್ನೊಂದು ಪಾವಟಿಗಿ ಇಳೀತಿದ್ದೆ. ಒಂಬತ್ತನೇದಕ್ಕ ನಿದ್ದಿ ಬರತಿತ್ತು."

ನೀಲಾಂಬಿಕಾ ಅಕ್ಕನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ಹೇಳಲು ಹೋದ ಮಾತು ಒಂಬತ್ತನೆಯ ಪಾವಟಿಗೆಯಲ್ಲಿ ನಿಂತುಬಿಟ್ಟಿತು.

ಅದೇ ಮಧ್ಯಾಹ್ನ ನಳ ಬಂತು. ತಗ್ಗು ತುಂಬಿತು. ಎಲ್ಲರೂ ನಿಂತು ನೋಡಿದರು. ನೀರು ಅಲುಗಾಡದೆ ಬಿದ್ದುಕೊಂಡಿತ್ತು. ಫಕ್ಕೀರಪ್ಪ ಕೋಲಿನಿಂದ ಒಮ್ಮೆ ಬಡಿದ. ಒಂದು ಸುತ್ತು ತೆರೆ ಎದ್ದು, ಗೋಡೆಗೆ ತಾಗಿ, ಸತ್ತಿತು.

"ಕೆರಿ ಆತು" ಎಂದ. "ಸಮುದ್ರ ಆಗಲಿಲ್ಲ. ಏನ ಕಡಿಮಿ ಐತಿ ನೀಲವ್ವ, ನೋಡಿದಾಕಿ ನೀನ ಹೇಳಬೇಕು."

ಅವಳಿಗೇನು ಗೊತ್ತು. ಮುಖ ತಪ್ಪಿಸಿಕೊಂಡು ಅಡುಗೆಮನೆಗೆ ಬಂದಳು. ಅಲ್ಲಿ ಅಜ್ಜಿ ಕಾಲು ಚಾಚಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರವನ್ನು ತನ್ನ ಕಡೆ ಬಾಗಿಸಿದಾಗ ಜೋಳವೆಲ್ಲ ಸರ್ರನೆ ಇಳಿದು ಬಂತು. ಒಂದು ಕ್ಷಣ ನಿಂತಿತು. ಆಚೆ ಬಾಗಿಸಿದಾಗ ಬಿದಿರಿನ ಮೇಲೆ ಹರಡಿಕೊಂಡು ಹೋಯಿತು.

ನೀಲಾಂಬಿಕಾ ಹೊಸ್ತಿಲ ಮೇಲೆಯೇ ನಿಂತಳು. ನಾಲ್ಕು ಟವೆಲು ಒಣಹಾಕಿದ್ದ ಗೋಡೆ ಕಣ್ಣ ಮುಂದೆ ಬಂತು. ಇದೇ ಸಪ್ಪಳವನ್ನು ಅವಳು ಅಂದು ಒಂದು ತಾಸು ಕೇಳಿದ್ದಳು. ನೋಡಲು ಏನೂ ಇಲ್ಲದ್ದರಿಂದ, ಆ ಬಸ್ಸಿನಲ್ಲಿದ್ದ ಯಾರೂ ಕೇಳದ ಹಾಗೆ ಕೇಳಿದ್ದಳು.

"ಅಜ್ಜಿ, ಮತ್ತೊಮ್ಮಿ ಮಾಡು. ಸಾವಕಾಶ."

"ಏನ ಮಾಡ್ಲಿ?"

"ಹಂಗಲ್ಲ. ಮೊದಲ ಎಳಕೋಬೇಕು. ಉದ್ದಕ ಎಳಕೋ. ಈಗ ನಿಂದ್ರು, ಉಸರ ಹಿಡಿ. ಈಗ ಚೆಲ್ಲು, ಪೂರಾ ಚೆಲ್ಲು. ಎರಡು ಸಣ್ಣವು ಆದ ಮ್ಯಾಲೆ ಒಂದ ದೊಡ್ಡದು."

ಸರೋಜವ್ವ ಚೊಂಬು ಹಿಡಿದುಕೊಂಡು ಬಾಗಿಲಿಗೆ ಬಂದಳು. ಇಪ್ಪತ್ಮೂರು ವರ್ಷದಲ್ಲಿ ಈ ಮಗಳು ಯಾರಿಗೂ ಹೀಗೆ ಮಾಡು, ಹಾಗೆ ಮಾಡು ಎಂದದ್ದನ್ನು ಅವಳು ಕೇಳಿರಲಿಲ್ಲ. "ಅವ್ವಾ, ನೀನೂ ಒಂದ ಮೊರ ತಗೋ" ಎಂದಳು ನೀಲಾಂಬಿಕಾ. "ಅಜ್ಜಿ ಎಳಕೊಂಡಾಗ ನೀ ಚೆಲ್ಲಬೇಕು. ದೊಡ್ಡದಕ್ಕ ಇಬ್ರೂ ಕೂಡೇ ಎಳಕೋರಿ, ಕೂಡೇ ಚೆಲ್ರಿ." ಸರೋಜವ್ವ ಚೊಂಬು ಕೆಳಗಿಟ್ಟು ಮೊರ ತೆಗೆದುಕೊಂಡಳು. ಸಂಜೆಯವರೆಗೆ ಮೂವರೂ ಸಮುದ್ರ ಕೇರಿದರು. ಜೋಳವಂತೂ ಕನ್ನಡಿಯಂತೆ ಹಸನಾಯಿತು.

ಬಯಕೆಯ ಊಟದ ದಿನ ಸಂಜೆ ಐದೂವರೆಗೆ ಅಂಕಿತಾಳನ್ನು ಕಣ್ಣು ಮುಚ್ಚಿಸಿ ಹಿತ್ತಲಿಗೆ ಕರೆತಂದರು. ಹಸಿರು ಸೀರೆ, ಕೈ ತುಂಬ ಹಸಿರು ಬಳೆ, ಮುಡಿ ತುಂಬ ಮಲ್ಲಿಗೆ. ಅಜ್ಜಿ ಮತ್ತು ಸರೋಜವ್ವ ಹಗ್ಗಕ್ಕೆ ಹಾಕಿದ ಜಮಖಾನೆಯ ಮರೆಯಲ್ಲಿ ಮೊರ ಹಿಡಿದು ಕೂತಿದ್ದರು. ಫಕ್ಕೀರಪ್ಪ ಗೋಡೆಯ ಬದಿಗೆ ನಿಂತು, ಹಲಗೆಯೊಂದನ್ನು ನೀರಿನಲ್ಲಿ ಹಿಂದೆ ಮುಂದೆ ಆಡಿಸುತ್ತಿದ್ದ. ಗೋಡೆಯ ಆಚೆ ಶಾಹಬಾಜನ ತಲೆ.

ಅಂಕಿತಾ ಕಣ್ಣು ಬಿಟ್ಟಳು. ನೀಲಿ ನೀರು, ಓರೆ ಬಿಸಿಲು, ಛತ್ರಿ, ಹೊರಸು, ಸಾಲಾಗಿ ಕೂತ ಆರು ಕವಡೆ, ಎಲ್ಲ ನೋಡಿದಳು. ಮೂಗರಳಿಸಿದಳು.

"ಅಪ್ಪಾ, ಸಮುದ್ರಕ್ಕ ನಿನ್ನ ಭಟ್ಟಿ ವಾಸನಿ ಬರಾಕತ್ತೈತಿ."

"ಸಮುದ್ರಕ್ಕ ನಮ್ಮ ಚುರಮುರಿನ ಹೋಗತಾವ, ಅದಕ್ಕ" ಎಂದ ಫಕ್ಕೀರಪ್ಪ.

ಅವಳು ನಕ್ಕ ನಗು ಗುಬ್ಬಿಗಳನ್ನು ಎಬ್ಬಿಸಿತು. ಆಮೇಲೆ ಪಾವಟಿಗೆಯ ಹತ್ತಿರ ಬಂದು, ತಂಗಿಯ ಭುಜ ಹಿಡಿದುಕೊಂಡು, ಒಂದು, ಎರಡು ಎಂದು ಎಣಿಸುತ್ತ ಇಳಿದಳು. ಏಳು ತಿಂಗಳ ಬಸುರಿ ಬರೀ ಉಸುಕಿನ ಇಳಿಜಾರಿನಲ್ಲಿ ಇಳಿಯುವುದು ಆಗುತ್ತಿರಲಿಲ್ಲ. ಪಾವಟಿಗೆ ಇದ್ದದ್ದು ಒಳ್ಳೆಯದೇ ಆಯಿತು ಎಂದು ಶಾಹಬಾಜನೂ ತಲೆಯಾಡಿಸಿದ. ಅಂಕಿತಾ ಒಗೆಯುವ ಕಲ್ಲಿನ ಮೇಲೆ ಕೂತು ಕಾಲು ನೀರಿಗೆ ಬಿಟ್ಟಳು. ನೀಲಾಂಬಿಕಾ ಜಮಖಾನೆಯ ಕಡೆ ತಿರುಗಿ ಕೈ ಎತ್ತಿದಳು.

ಮೊದಲು ಎಳೆದುಕೊಂಡ ಸಪ್ಪಳ. ನಿಂತಿತು. ಚೆಲ್ಲಿತು. ಒಂದು ಸಣ್ಣದು, ಇನ್ನೊಂದು ಸಣ್ಣದು, ಆಮೇಲೆ ಇಬ್ಬರದೂ ಕೂಡಿ ಒಂದು ದೊಡ್ಡದು. ಗೋಡೆಯ ಮೇಲಿದ್ದ ಶಾಹಬಾಜನ ಮುಖದ ನಗೆ ಇಳಿಯಿತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಕಾಕಾ, ಇದು ಖರೇ ಐತ್ರಿ" ಎಂದ ಮೆಲ್ಲಗೆ. "ಲಾರಿಯೊಳಗ ಮಲಗಿದಾಗ ಹಿಂಗ ಕೇಳತೈತಿ. ಥೇಟ ಹಿಂಗ."

ಅಂಕಿತಾ ಕಣ್ಣು ಮುಚ್ಚಿ ಹೊಟ್ಟೆಯ ಮೇಲೆ ಕೈಯಿಟ್ಟು ಕೇಳುತ್ತಿದ್ದಳು. ಬುತ್ತಿ ಬಿಚ್ಚಿಯಾಗಿತ್ತು, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಮಾದಲಿ, ಮೊಸರನ್ನ. ಜಮಖಾನೆಯ ಮರೆಯಿಂದ, ಕೇರುವುದನ್ನು ನಿಲ್ಲಿಸದೆಯೇ, ಅಜ್ಜಿ ಕೂಗಿದಳು:

"ಮೊದಲನೇ ತುತ್ತು ನೀಲವ್ವ ಇಡಲಿ. ಸಮುದ್ರ ನೋಡಿದ ಕೈ ಅದು."

ನೀಲಾಂಬಿಕಾ ಮಾದಲಿಗೆ ತುಪ್ಪ ಹಾಕಿ ಕಲಸಿ ತುತ್ತು ಮಾಡಿದಳು. ಅಕ್ಕ ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆದಳು, ಗುಬ್ಬಿ ಮರಿಯ ಹಾಗೆ. ತುತ್ತು ಹಿಡಿದ ಕೈ ಅರ್ಧಕ್ಕೇ ನಿಂತಿತು. ತುಪ್ಪ ಮುಂಗೈಗೆ ಇಳಿಯಿತು.

"ಹಾಕವಾ" ಎಂದಳು ಅಂಕಿತಾ, ಕಣ್ಣು ತೆರೆಯದೆ. "ಈ ಸಪ್ಪಳ ಕೇಳಿದ್ರ ಎಷ್ಟ ಚಲೋ ಅನಸಾಕತ್ತೈತಿ. ಅವತ್ತ ನೀ ಎಲ್ಲಿ ನಿಂತಿದ್ದಿ ನೀಲಿ, ನೀರಾಗೇನು?"

ಮೊರಗಳು ಎಳೆದುಕೊಂಡವು. ನಡುವಿನ ಆ ಒಂದು ಉಸಿರಿನಷ್ಟು ಮೌನದಲ್ಲಿ ಅವಳ ದನಿ, ಅವಳೇ ನಿರೀಕ್ಷಿಸದಷ್ಟು ಗಟ್ಟಿಯಾಗಿ, ಗೋಡೆಯ ಆಚೆಗೂ ಕೇಳುವ ಹಾಗೆ ಬಂತು.

"ಅಕ್ಕಾ, ನಾ ಸಮುದ್ರ ನೋಡಿಲ್ಲ. ಬಸ್ಸಿನಾಗ ಎಲ್ಲಾರ ಬ್ಯಾಗ ಕಾಯ್ಕೊಂತ ಕುಂತಿದ್ದೆ. ಈ ಸಪ್ಪಳ ಒಂದ ಕೇಳೇನಿ."